ಕಾಲ್ಗುಣ

ಎಜ್ರಾ ಸ್ಟ್ರೀಟಿನಲ್ಲಿ ತಂತಿ ಮಾರುವವರು
ಈಗ ನನ್ನ ಗುರುತು ಹಿಡಿಯುತ್ತಾರೆ.
'ಬಂದಳು ನೋಡು, ಯೂನಿಟ್ಟು ದೀದಿ.'
ಮೂರು ಶನಿವಾರ ಅದೇ ಹಳದಿ ಕೊಡೆ, ಅದೇ ಪ್ರಶ್ನೆ:
ಗೋಡೆಗೂ ಓವನ್ನಿಗೂ ನಡುವೆ ಸಿಕ್ಕಿಸಿದರೆ
ಎಷ್ಟು ಕರೆಂಟು ಉಂಡಿತೆಂದು ಹೇಳುವ
ಒಂದು ಪುಟ್ಟ ಡಬ್ಬಿ. ಇದೆಯಾ?

ಭವಾನೀಪುರದ ನಮ್ಮ ಮನೆಗೆ
ಮೀಟರು ಒಂದು, ಸಂಸಾರ ನಾಲ್ಕು.
ಬಿಲ್ಲು ಬಂದ ದಿನ ಮೆಟ್ಟಿಲ ಮೇಲೆ ಪಂಚಾಯಿತಿ.
ಕೆಳಗಿನ ತುಷಾರ್ ಆಢ್ಯರು ಕನ್ನಡಕ ಹಣೆಗೇರಿಸಿ
'ಕೇಕು ಸುಡುವವರು ಅರ್ಧ ಕೊಡಲಿ' ಅಂದರು,
ಯಾರ ಹೆಸರೂ ಎತ್ತದೆ.
ಓವನ್ನು ಇರುವುದು ನನ್ನೊಬ್ಬಳ ಮನೆಯಲ್ಲಿ.
ದಿನಕ್ಕೆ ಎರಡು ತಟ್ಟೆ ಪ್ಯಾಟಿ, ಶುಕ್ರವಾರ ಒಂದು ಕೇಕು.
ಅದರ ಹೊಟ್ಟೆ ಎಷ್ಟು ದೊಡ್ಡದೋ
ನನಗೂ ಗೊತ್ತಿರಲಿಲ್ಲ. ಸುಮ್ಮನೆ ನಿಂತಿದ್ದೆ.

ಮೊದಲ ವರ ಖಿದಿರ್‌ಪುರದಲ್ಲಿ ಹಡಗಿಂದ ಇಳಿದವನು.
ನುಣುಪು ಬಿಳಿ ಮೈ, ಚಪ್ಪಟೆ ಎರಡು ಕಾಲು.
ಬೆನ್ನು ತಿರುಗಿಸಿ ಓದಿದೆ: ನೂರಾ ಇಪ್ಪತ್ತು ವೋಲ್ಟು.
ನಮ್ಮ ಗೋಡೆಯಲ್ಲಿ ಇನ್ನೂರ ಮೂವತ್ತು.
'ಸಿಕ್ಕಿಸಿಯಾದರೂ ನೋಡಿ' ಅಂದ ಅಂಗಡಿಯ ಹುಡುಗ.
'ನಿನ್ನ ಮದುವೆಗೆ ಪಟಾಕಿ ಬೇಕಾದಾಗ ಹೇಳು' ಅಂದೆ.

ಎರಡನೆಯವನು ಜರ್ಮನಿ. ವೋಲ್ಟು ಕೂಡಿತು,
ಹರ್ಟ್ಸು ಕೂಡಿತು,
ಮೂವತ್ತಾರರಲ್ಲಿ ಮೂವತ್ತೈದು ಕೂಡಿ
ಕಾಲ್ಗುಣ ಕೂಡಲಿಲ್ಲ.
ಗುಂಡು ಕಾಲೆರಡು ನಮ್ಮ ತೂತಿನಲ್ಲಿ
ಉದುರುವ ಹಲ್ಲಿನ ಹಾಗೆ ಅಲ್ಲಾಡಿದವು;
ಮೂರನೆಯದು, ಭೂಮಿ ಮುಟ್ಟುವ ಕಾಲು, ಇರಲೇ ಇಲ್ಲ.

ಮತ್ತೊಬ್ಬ ಇಂಗ್ಲೆಂಡಿನವ, ಮೂರು ಚೌಕ ಕಾಲು,
ಈ ಊರು ಬಿಟ್ಟು ಅಷ್ಟು ವರ್ಷವಾದರೂ
ನಮ್ಮ ತೂತಿಗೆ ಹೊಂದಿಕೊಳ್ಳಲು ಒಲ್ಲ.
'ಅಡಾಪ್ಟರು ಹಾಕಿ.' ಓವನ್ನಿಗೆ ಅಡಾಪ್ಟರು?
ಹೋದ ಚಳಿಗಾಲ ಒಂದು ಕರಗಿದ ವಾಸನೆ
ಇನ್ನೂ ನನ್ನ ಪರದೆಯಲ್ಲಿದೆ.

ಮೂರನೆಯ ಶನಿವಾರ,
ಓಣಿಯೊಳಗಿನ ಓಣಿ, ಏಣಿಯ ಕೆಳಗೊಂದು ಅಂಗಡಿ.
ಕಲೀಮುದ್ದೀನ್ ಮಂಡಲ್ ಬೆಸುಗೆ ಕಡ್ಡಿ ಕೆಳಗಿಡದೆ ಕೇಳಿದ:
'ಆರು ಆಂಪೇರೋ, ಹದಿನಾರೋ?'
ಮೂರು ವಾರದಲ್ಲಿ ಮೊದಲ ಸಲ
ಯಾರೋ ನನ್ನನ್ನು ಪ್ರಶ್ನೆ ಕೇಳಿದ್ದು.
ಹದಿನಾರು, ಅಂದೆ, ದಪ್ಪ ಕಾಲಿನದು.
ಬೀಡಿ ಕಟ್ಟಿನ ಹಿಂದಿಂದ ತೆಗೆದ, ಧೂಳು ಊದಿದ,
ತನ್ನದೇ ಬೆಸುಗೆ ಕಡ್ಡಿ ಸಿಕ್ಕಿಸಿ ತೋರಿಸಿದ.

ಡಬ್ಬಿಯ ಮೇಲೆ ಬರೆದದ್ದು ಇನ್ನೂರ ಮೂವತ್ತು.
ಕಿಟಕಿಯಲ್ಲಿ ಕಂಡದ್ದು ಇನ್ನೂರ ಇಪ್ಪತ್ತೆರಡು,
ಹತ್ತೊಂಬತ್ತು,
ಪಕ್ಕದವನು ಗ್ರೈಂಡರು ಹಾಕಿದ, ಹನ್ನೊಂದು.
ನಾನು ಕೈ ಹಿಂದೆಳೆದೆ.
'ಕೆಟ್ಟಿಲ್ಲ ದೀದಿ, ಏಳು ಗಂಟೆ ಆಯ್ತಲ್ಲ,
ಎಲ್ಲರೂ ಮನೆಗೆ ಬರ್ತಾರೆ, ಇಳಿಯತ್ತೆ.'
ಎಂಟುನೂರ ಐವತ್ತು. ಐವತ್ತು ಬಿಟ್ಟ.

ಓವನ್ನು ಒಂದು ದಿನಕ್ಕೆ ಒಂದೂ ಮುಕ್ಕಾಲು ಯೂನಿಟ್ಟು.
ಕ್ಯಾಲೆಂಡರಿನಲ್ಲಿ ಬರೆದೆ, ಎರಡು ಸಲ ಗೆರೆ ಎಳೆದೆ.
ಮರುದಿನ ಡಬ್ಬಿ ಹಿಡಿದು ಕೆಳಗಿಳಿದೆ.
ಬಾಗಿಲು ತೆಗೆದದ್ದು ಝರ್ನಾ ಬೌದಿ.
ಅವರ ಫ್ರಿಜ್ಜಿನ ಅಂಚಿನ ರಬ್ಬರು ಹರಿದು
ಬಾಗಿಲಿಗೆ ಹಳೆ ಸೀರೆಯ ತುಂಡು ಕಟ್ಟಿದೆ.
ಇಡೀ ರಾತ್ರಿ ಅದು ಓಣಿಯನ್ನೇ ತಂಪು ಮಾಡುತ್ತಿತ್ತು.
ಇಪ್ಪತ್ತನಾಲ್ಕು ಗಂಟೆ: ನಾಲ್ಕಕ್ಕೆ ಒಂದೆರಡು ಪಾಯಿಂಟು ಕಮ್ಮಿ.

ಆಢ್ಯರು ಕನ್ನಡಕ ಇಳಿಸಿ ಓದಿದರು,
ಹಣೆಗೇರಿಸಿ ಓದಿದರು.
'ಚೀನಾ ಮಾಲು' ಅಂದರು.

ಮೂರು ಶನಿವಾರ ಮಸೆದಿಟ್ಟ ಮಾತು
ಬಾಯಲ್ಲಿ ಬಿಸಿತುಪ್ಪವಾಯಿತು.
ತೆರೆದ ಬಾಗಿಲೊಳಗೆ ಎರಡು ನೀರಿನ ಸೀಸೆ, ಅರ್ಧ ನಿಂಬೆ,
ಹಾಳೆಯಲ್ಲಿ ಸುತ್ತಿದ ಒಂದು ಕೇಕಿನ ತುಂಡು.
ನಾನೇ ಕೊಟ್ಟದ್ದು, ಸರಸ್ವತಿ ಪೂಜೆಯ ದಿನ.
ಡಬ್ಬಿ ಕಿತ್ತುಕೊಂಡು ಮೇಲೆ ಬಂದೆ.

ಮೆಟ್ಟಿಲ ತಿರುವಿನಲ್ಲಿ ಬೌದಿ, ದನಿ ತಗ್ಗಿಸಿ:
'ಆ ರಬ್ಬರು... ಅಲ್ಲಿ ಸಿಗತ್ತಾ?'
ಉದ್ದ ಅಗಲ ಅಳೆದು ಚೀಟಿ ಕೊಡಿ, ಅಂದೆ,
ಮಾಡೆಲ್ ನಂಬರೂ ಬರೀರಿ.
ಇಲ್ಲದಿದ್ದರೆ ಅಲ್ಲಿ ಮಾತೂ ಆಡಿಸಲ್ಲ.