ಖಾಲಿ ಬಿಡಬಾರದು

ಗದಗ, ಜಿಲ್ಲಾಡಳಿತ ಭವನ, ಕೆಳಗಿನ ಮಹಡಿ.
ನೀರಿನ ಟಾಕಿಯಿಂದ ನನ್ನ ಟೇಬಲ್ಲಿನ ತನಕ
ಪದವಿ ಪಾಸಾದವರ ಪಾಳಿ.
ಎಲ್ಲರ ಎದೆಗೂ ಒಂದೊಂದು ಪ್ಲಾಸ್ಟಿಕ್ ಫೈಲು,
ತಾವು ತೋಯ್ದರೂ ಅದು ತೋಯಬಾರದು ಅನ್ನೋ ಹಂಗ.

ಇವತ್ತು ಅರವತ್ತು ಮಂದಿನ್ನ ಕೇಳಬೇಕು.
ಏನು ಕೇಳೋದು ಅಂತ ಮ್ಯಾಲಿಂದ ಬರದು ಬಂದೈತಿ:
ಹೋದ ತಿಂಗಳು ಎಲ್ಲಾದರೂ ದುಡಿದಿರಾ?
ಎಷ್ಟು? ಯಾರ ಕಡೆ? ಪುರಾವೆ?
ಅದರ ಕೆಳಗ, ದಪ್ಪ ಅಕ್ಷರದಾಗ:
ಯಾವುದೇ ಕಾಲಂ ಖಾಲಿ ಬಿಡಬಾರದು.

"ಏನ್ ಮಾಡ್ತೀಯವಾ ಈಗ?"
"ಖಾಲಿ ಅದೀನ್ರಿ."
ನಮ್ಮ ಕಡೆ ಹಂಗ ಅನ್ನೋದು.
ಕೊಡ ಖಾಲಿ, ಬಸ್ಸು ಖಾಲಿ, ಹುಡುಗಿ ಖಾಲಿ.
ಸುಗಂಧಾ ಬಾಕಳೆ, ಬಿ.ಕಾಂ., ಬೆಟಗೇರಿ,
ಎಪ್ಪತ್ತೊಂದು ಪರ್ಸೆಂಟು.

"ಹೆಬ್ಬೆರಳು ಒತ್ತು."
ಒತ್ತಿದಳು. ಕೆಂಪು ದೀಪ.
"ತಲಿಗೆ ಒರಸಿ ಒತ್ತು."
ಎಣ್ಣಿ ಹತ್ತಿದ ಬೆರಳು. ಕೆಂಪು.
"ಓಡ್ನಿಗೆ ಒರಸು." ಕೆಂಪು.
ತೋರುಬೆರಳು, ನಡುಬೆರಳು, ಎಡಗೈ...
ಮಶಿನ್ನು ಒಂದಾ ಮಾತು ಹಿಡಕೊಂಡು ಕುಂತಿತು:
ಇವಳು ಇವಳಲ್ಲ.

ಕೈ ನೋಡಬೇಕಂತ ಆದೇಶದಾಗಿಲ್ಲ.
"ಇಲ್ಲಿ ತೋರ್ಸು" ಅಂದೆ.
ಬೆರಳ ತುದಿಯ ಗೆರಿ ಎಲ್ಲ ಸವದು ನುಣ್ಣಗ.
ನೂಲು ಹಾದ ಜಾಗಾದಾಗ ಮಾತ್ರ,
ಬಾವಿಕಟ್ಟಿಗೆ ಹಗ್ಗ ಕೊರದಂಗ,
ಕೂದಲೆಳಿಯಷ್ಟು ಕಾಲುವಿ.
ಉಗುರಿನ ಸಂದ್ಯಾಗ ಕುಂಕುಮ ಅಲ್ಲದ ಕೆಂಪು.

"ಮಗ್ಗ ಐತೇನು ಮನ್ಯಾಗ?"
"ಅಪ್ಪಾಂದ್ರಿ."
"ನೀ?"
"ಕಂಡಿಕಿ ಸುತ್ತಿಕೊಡ್ತೀನ್ರಿ. ಮುಂಜಾನೆ ಐದಕ್ಕ ಕುಂತ್ರ
ಹನ್ನೊಂದು. ಮತ್ತ ಸಂಜಿಮುಂದ."
"ಪಗಾರ?"
ನಕ್ಕಳು. ಹಿಂದ ನಿಂತವರೂ ನಕ್ಕರು.
"ಅದು ಮನಿ ಕೆಲಸಾರಿ. ಕೆಲಸ ಅಲ್ಲ."

ಜನಗಣತಿಯಾಂವ ಬಂದಾಗ ನಮ್ಮವ್ವನೂ
ರೊಟ್ಟಿ ಹಿಟ್ಟಿನ ಕೈಲೆ ಬಾಗಿಲಿಗೆ ಬಂದು
ಹಿಂಗಾ ಅಂದಿದ್ದಳು.

ಹದಿನಾಲ್ಕನೇ ಕಾಲಂ. ಹೌದು, ಅಥವಾ ಇಲ್ಲ.
ಹಳೇ ರಿಜಿಸ್ಟರ ಇದ್ದಿದ್ರ ಒಂದು ಅಡ್ಡಗೆರಿ ಎಳದುಬಿಡ್ತಿದ್ದೆ,
ಹೌದೂ ಅಲ್ಲ, ಇಲ್ಲಾನೂ ಅಲ್ಲ,
ಹಾಸಿನಾಗ ಹೊಕ್ಕ ಒಂದು ಎಳಿ.
ಕಂಪ್ಯೂಟರಿಗೆ ಗೆರಿ ತಿಳಿಯೂದಿಲ್ಲ.

ಬೆರಳು ಬ್ಯಾಡ ಅಂತ ಓಟಿಪಿ ಕಳಿಸಿದೆ.
ನಂಬರು ಅಪ್ಪಂದು.
ಅಲ್ಲೇ ನಿಂತು ಫೋನ್ ಹಚ್ಚಿದಳು, ಸ್ಪೀಕರ್ ಇಟ್ಟು.
ಟಕ್ ಟಕಾ, ಟಕ್ ಟಕಾ,
ಆಮ್ಯಾಲೆ ನಿಂತಿತು.
"ತಡಿಯವಾ, ಚಸ್ಮಾ..."
ನಾಕು. ಒಂದು. ಒಂದಾ? ಹೂಂ, ಒಂದು.
ಪ್ರತಿ ಅಂಕಿನೂ ಮುದುಕ
ಗಂಟು ಬಿಚ್ಚಿದಂಗ ಬಿಚ್ಚಿಕೊಟ್ಟ.

ಇಲ್ಲ ಅಂತ ಒತ್ತಿದೆ.
ಉದ್ಯೋಗ: ಇಲ್ಲ. ಪುರಾವೆ: ಇಲ್ಲ.
ಷರಾ: ಬೆರಳ ಗುರುತು ಮೂಡಿರುವುದಿಲ್ಲ.

"ಮುಂದಿನವರು."
ಮೌಲಾಸಾಬ ನದಾಫ, ಡಿಪ್ಲೊಮಾ, ನರಗುಂದ,
ಬಂದು ಕುಂತ.
ಎರಡೂ ಕೈ ಪ್ಯಾಂಟಿನ ಕಿಸೆದಾಗ.