ಐನೂರ ಎಪ್ಪತ್ತೆಂಟು ಮಿಲಿಮೀಟರ್

ಗಣಿತ ಕಲಿಸುವವಳಿಗೆ ಇದೆಂಥ ಲೆಕ್ಕ.
ಟೈರಿನ ಅಗಲ ನೂರೈವತ್ತೈದು, ಅದರಲ್ಲಿ ನೂರಕ್ಕೆ ಎಂಬತ್ತು ಗೋಡೆ,
ಗೋಡೆ ಎರಡು ಸಲ, ನಡುವೆ ಹದಿಮೂರು ಇಂಚಿನ ರಿಮ್ಮು:
ಒಟ್ಟು ಎತ್ತರ ಐನೂರ ಎಪ್ಪತ್ತೆಂಟು.
ಅತ್ತ ಹದಿನಾಲ್ಕರ ಅಲಾಯ್, ನೂರ ಎಂಬತ್ತೈದರ ಅಗಲ, ಅರವತ್ತರ ಗೋಡೆ:
ಐನೂರ ಎಪ್ಪತ್ತೇಳೂವರೆ.
ಬರೀ ಅರ್ಧ ಮಿಲಿಮೀಟರ್!
ಕಿರುಪರೀಕ್ಷೆಯ ಉತ್ತರಪತ್ರಿಕೆಯೊಂದರ ಬೆನ್ನಿಗೆ ಬರೆದು
ಅಡಿಗೆ ಎರಡು ಗೆರೆ ಎಳೆದು ಮಲಗಿದೆ.

ಬೆಳಿಗ್ಗೆ ಬಿ.ಎಂ. ರಸ್ತೆ, ಖಲಂದರ್ ಟೈರ್ಸ್.
ಪಕ್ಕದಲ್ಲಿ ಆಲೂಗಡ್ಡೆ ಮಂಡಿ, ಹಿಂದೆ ಸರಿಯುವ ಲಾರಿಗಳು,
ಅವುಗಳ ನಡುವೆ ನನ್ನ ಗಾಡಿ
ಯಾರೋ ಬಿಟ್ಟುಹೋದ ಒಂಟಿ ಕೆಂಪು ಚಪ್ಪಲಿ.
ಅರವತ್ತೆಂಟನೇ ಇಸವಿಯದು, ಎರಡೇ ಸೀಟು,
ಒಳಗೆ ಕೂರಬೇಕಾದರೆ ನೆಲಕ್ಕೇ ಕೂತ ಹಾಗೆ.

ಖಲಂದರ್ ಸಾಬರು ನನ್ನ ಲೆಕ್ಕ ನೋಡಿದರು,
ತಿರುಗಿಸಿ ಯಾರದೋ ಹನ್ನೆರಡು ಅಂಕವನ್ನೂ ನೋಡಿದರು.
"ಎತ್ತರ ಸರಿ ಐತೆ ಮೇಡಂ.
ಅಗಲಾನ ಯಾರು ಕೇಳ್ತಾರೆ?"

ಅಗಲಕ್ಕೆ ಮೊದಲು ತೂತು ಕೈಕೊಟ್ಟಿತು.
ನಾಲ್ಕಕ್ಕೆ ನಾಲ್ಕು, ಎಣಿಸಿಯೇ ಕೊಂಡಿದ್ದೆ ಅಲಾಯನ್ನು.
ಒಂದು ಸ್ಟಡ್ಡು ಹೊಕ್ಕಿತು,
ಎದುರಿನದು ಮುಖ ತಿರುಗಿಸಿತು.
ಗಾಡಿಯ ನಾಲ್ಕು ಸ್ಟಡ್ಡು ನಿಂತ ವೃತ್ತ ತೊಂಬತ್ತೈದೂಕಾಲು,
ನಾನು ತಂದದ್ದು ನೂರು.
ವರ್ಷಕ್ಕೆ ಇನ್ನೂರು ಮಕ್ಕಳಿಗೆ ವ್ಯಾಸ ಕಲಿಸುತ್ತೇನೆ.

ಸಾಬರು ಏನೂ ಅನ್ನದೆ ಅಟ್ಟ ಹತ್ತಿ
ಯಾವುದೋ ಕಾಲದ ರ‍್ಯಾಲಿ ಗಾಡಿಯ ನಾಲ್ಕು ಚಕ್ರ ಇಳಿಸಿದರು.
ಜೇಡರಬಲೆ ಒರೆಸಿದರೆ ಅದೇ ಹದಿನಾಲ್ಕು, ಅದೇ ತೊಂಬತ್ತೈದೂಕಾಲು.
ಕೂತವು. ಕೂತು ಮೆರೆದವು.
ಅಕ್ಕನ ಮಗ ಚಿನ್ಮಯನಿಗೆ ಫೋಟೊ ಕಳಿಸಿದೆ,
ಏಳು ಬೆಂಕಿ ಬಂದವು ಉತ್ತರವಾಗಿ.

"ನಿಂತ ಗಾಡಿ ಸುಳ್ಳು ಹೇಳ್ತದೆ" ಅಂದರು ಸಾಬರು.
ಪಕ್ಕದ ಸೀಟಿಗೆ ಭಾರ ಬೇಕು,
ಕೆಂಪರಾಜು ಎಂಬ ಹುಡುಗ ತಿಂದುಂಡರೂ ನಲವತ್ತು ಕೆಜಿ;
ಮಂಡಿಯಿಂದ ಒಂದು ಮೂಟೆ ತಂದು ಕೂರಿಸಿ ಹಗ್ಗ ಬಿಗಿದ.
ಶೀನಣ್ಣನ ಹೋಟೆಲಿಂದ ಚಪಾತಿ ಹಿಟ್ಟು ಬಂತು,
ಉಂಡೆ ಮಾಡಿ ಫೆಂಡರಿನ ಒಳತುಟಿಗೆ ಅಂಟಿಸಿದರು,
ನಾಲ್ಕು ಚಕ್ರಕ್ಕೆ ನಾಲ್ಕು ನೈವೇದ್ಯ.

ಎನ್.ಆರ್. ಸರ್ಕಲ್ಲಿನಲ್ಲಿ ಸ್ಟೇರಿಂಗ್ ಪೂರ್ತಿ ಎಳೆದು ಒಂದು ಸುತ್ತು.
ಗರ್ರ್ ಎಂದಿತು.
ಹಂಪು ದಾಟುವಾಗ ಇನ್ನೊಮ್ಮೆ, ಹಲ್ಲು ಕಡಿದಂತೆ;
ಪೊಲೀಸಿನವನು ಆಲೂಗಡ್ಡೆಯನ್ನು ನೋಡಿದ, ನನ್ನನ್ನು ನೋಡಿದ, ಸೀಟಿ ಮರೆತ.

ವಾಪಸು ಬಂದು ಬಗ್ಗಿ ನೋಡಿದರೆ
ಎಡಗಡೆ ಹಿಟ್ಟು ಹಪ್ಪಳಕ್ಕಿಂತ ತೆಳು, ಮೈಮೇಲೆ ಟೈರಿನ ಕೆತ್ತನೆ.
ಬಲಗಡೆ ಹಿಟ್ಟೇ ಇಲ್ಲ.
ಹೊಸ ರಬ್ಬರಿನ ಮೇಲೆ ಕೆಂಪು ಗೀರು,
ನನ್ನ ಗಾಡಿಯ ಬಣ್ಣ.

"ತುಟಿ ಮಡಚಿಬಿಡ್ಲಾ? ಅರ್ಧ ಗಂಟೆ ಕೆಲಸ."
ಸುತ್ತಿಗೆ ಆಗಲೇ ಕೈಯಲ್ಲಿತ್ತು.
ಫೋನಿನಲ್ಲಿ ಚಿನ್ಮಯ, ಮಾಡ್ಸು ಚಿಕ್ಕಿ, ಎಲ್ರೂ ಮಾಡ್ಸ್ತಾರೆ.
ಆ ಅಂಚಿನ ಮೇಲೆ ಬೆರಳಾಡಿಸಿದೆ,
ಐವತ್ತು ಚಿಲ್ಲರೆ ವರ್ಷ ಯಾರಿಗೂ ತಾಗದೆ ಉಳಿದ ತಗಡು.
ಮೂಗಿಗಿಂತ ಮೂಗುತಿ ಭಾರ, ಒಪ್ಪಿದೆ;
ಮೂಗುತಿಗೋಸ್ಕರ ಮೂಗು ಕೊಯ್ಯುವುದೆ?

"ಬೇಡ, ಹದಿಮೂರೇ ಇರಲಿ."
ಸಾಬರು ಸುತ್ತಿಗೆ ಇಟ್ಟರು. ನಗಲಿಲ್ಲ, ಅದೇ ಅವರ ದೊಡ್ಡತನ.
ರಿಮ್ಮು ನಾಲ್ಕೂವರೆ ಇಂಚು, ನೂರ ಎಪ್ಪತ್ತೈದು ಹಾಕಿದರೆ ಹೊಟ್ಟೆ ಬರ್ತದೆ,
ನೂರೈವತ್ತೈದೇ ತರಿಸೋಣ, ಮಂಗಳೂರಿಂದ, ಒಂದು ವಾರ.
ಹಿಟ್ಟಿನ ದುಡ್ಡು ಶೀನಣ್ಣ ಬೇಡ ಅಂದ.
ಮಂಡಿಯವನು ಹಾಗಲ್ಲ:
ಊರು ಸುತ್ತಿದ ಮೂಟೆ ವಾಪಸು ತಗೊಳ್ಳಲ್ಲ, ಮೇಡಂ.

ಹಳೇ ಸವೆದ ಟೈರುಗಳ ಮೇಲೆ ಮೂವತ್ತರ ವೇಗದಲ್ಲಿ ಮನೆಗೆ.
ಹಂಪು ಬಂದಾಗ ಉಸಿರು ಹಿಡಿದು ಕಿವಿಗೊಟ್ಟೆ.
ಏನೂ ಇಲ್ಲ.
ಪಕ್ಕದಲ್ಲಿ ಐವತ್ತು ಕೆಜಿ ಗಡ್ಡೆ
ಒಂದು ಸಲ ಹೊರಳಿ
ಮತ್ತೆ ಕೂತಿತು.