ಚಿಲ್ಲರೆ ಕೆಲಸ

ಕಾಲು ಮುರಿದುಕೊಂಡವನು ಅಣ್ಣ ಉಶಾಂಗಿ;
ಚೀಟಿ ಬಂದದ್ದು ನನ್ನ ಕೈಗೆ.
ಹರಿದ ಜನವರಿಯ ಬೆನ್ನ ಮೇಲೆ ಅವನ ಸೊಟ್ಟಕ್ಷರ:
ಗ್ಯಾಸಿನ ಬಿಲ್ಲು. ಶೂ ಹಿಮ್ಮಡಿ. ಅರ್ಧ ಕಿಲೋ ಅಕ್ರೋಟು.
ನೋವಿನ ಮಾತ್ರೆ. ಬ್ರೆಡ್ಡು.
ಒಂದು ಗಂಟೆಯ ಚಿಲ್ಲರೆ ಕೆಲಸ.
ಇವನು ಮೂರು ಗಂಟೆ ಮಾಡುತ್ತಿದ್ದ.
ನಾನು ಬಾಗಿಲಿಗೇ ನಿಂತು ಕೇಳುತ್ತಿದ್ದೆ:
ತ್ಬಿಲಿಸಿಯನ್ನೇ ಕ್ರಯಕ್ಕೆ ಕೇಳಲು ಹೋಗಿದ್ದೆಯೇನೋ?

ಒಂಬತ್ತನೇ ಮಹಡಿಯಿಂದ ಇಳಿಯುವುದು ಪುಕ್ಕಟೆ.
ಏರುವುದಕ್ಕೆ ಮಾತ್ರ, ಲಿಫ್ಟಿನ ಗೋಡೆಯ
ತಗಡಿನ ಡಬ್ಬಿಗೆ
ಹತ್ತು ತೆತ್ರಿಯ ನಾಣ್ಯ ತಿನ್ನಿಸಬೇಕು.

ಬೀದಿಯ ಬಿಲ್ಲಿನ ಯಂತ್ರ ನನ್ನ ನೋಟನ್ನು
ನಾಲಿಗೆಯಿಂದ ತಳ್ಳಿತು, ಸೊಪ್ಪು ಒಲ್ಲದ ಮಗುವಿನ ಹಾಗೆ.
ಹಿಂದೆ ನಿಂತಿದ್ದ ಹುಡುಗ, ಕಿವಿಗೆ ಹಾಡು ಸಿಕ್ಕಿಸಿಕೊಂಡೇ,
ನೋಟನ್ನಿಸಿದುಕೊಂಡು ತನ್ನ ತೊಡೆಗೆ ತೀಡಿ ತೀಡಿ
ಇಸ್ತ್ರಿ ಮಾಡಿ ಕೊಟ್ಟ.
ನುಂಗಿತು. ಇಬ್ಬರೂ ಗೆದ್ದವರಂತೆ ನಕ್ಕೆವು.

ದಾಟುವಲ್ಲಿ ಕೆಂಪು ದೀಪ.
ಕಿವಿಗೆ ಹಳದಿ ಬಿಲ್ಲೆ ಚುಚ್ಚಿಸಿಕೊಂಡ ಬೀದಿನಾಯಿ
ನನ್ನ ಪಕ್ಕದಲ್ಲೇ ಕೂತು ಹಸಿರಿಗೆ ಕಾಯಿತು.
ನಾನೊಬ್ಬಳೇ ಆಗಿದ್ದರೆ ನುಗ್ಗಿಬಿಡುತ್ತಿದ್ದೆ.
ನಾಯಿಯೆದುರು ಹೇಗೆ?

ಹ್ರಾಚಿಕನ ಅಂಗಡಿ ಅಂದರೆ ಒಂದು ಬೀರು,
ಅದರೊಳಗೆ ಅವನು, ಅಂಟಿನ ಘಾಟು, ಒಂದು ರೇಡಿಯೋ.
ತುಟಿಯಲ್ಲಿ ಮೊಳೆ ಕಚ್ಚಿಕೊಂಡೇ ಮಾತು:
‘ಉಶಾಂಗಿಯ ತಂಗಿಯಾ? ಕೂತ್ಕೊ, ಕಾಲು ಕೊಡು.’
ಒಂದು ಕಾಲಿಗೆ ಶೂ, ಇನ್ನೊಂದು ಬರೀ ಕಾಲುಚೀಲ
ಹಳೇ ಪತ್ರಿಕೆಯ ಮೇಲೆ.
ಎಷ್ಟು ವರ್ಷವಾಯಿತು ಹೀಗೆ ಕೂತು!
ಒಂಟಿ ಶೂ ಕಾಲಿನವಳನ್ನು
ಏಳು, ಹೋಗು, ಬಾ ಅನ್ನುವಂತಿಲ್ಲ ಯಾರೂ.
ಬೆರಳುಗಳನ್ನು ಅಗಲಿಸಿದೆ. ಮಡಿಸಿದೆ. ಮತ್ತೆ ಅಗಲಿಸಿದೆ.
ಮುಗಿಯಿತು ಅಂದಾಗ ಬೇಜಾರಾಯಿತು.

ನಾಜಿಬ್ರೋಲಾ ಅಕ್ರೋಟು ತೂಗಿದಳು,
ಮುಳ್ಳು ನಿಂತ ಮೇಲೆ ಕೊಸರಿಗೆ ಒಂದು ಹಿಡಿ ಸುರಿದು
‘ಇದು ದಾರಿಗೆ’ ಅಂದಳು.
‘ಅವನು ಮೆಟ್ರೋ ತನಕ ತಿಂದು ಮುಗಿಸ್ತಾನೆ.’
ಚಿಲ್ಲರೆಯನ್ನೂ ಕೇಳದೆಯೇ ಹತ್ತರ ನಾಣ್ಯಗಳಲ್ಲಿ ಎಣಿಸಿದಳು,
ನಮ್ಮ ಲಿಫ್ಟು ಅವಳಿಗೂ ಗೊತ್ತು.
ಇವನು ಊರ ತುಂಬ ಖಾತೆ ತೆರೆದಿದ್ದಾನೆ;
ಮನೆಯಲ್ಲಿದ್ದ ನನಗೆ ಸುದ್ದಿಯಿಲ್ಲ.

ಕೊನೆಗೆ ಬ್ರೆಡ್ಡು. ನೆಲಮಾಳಿಗೆಯ ಕಿಟಕಿ
ಮೊಣಕಾಲೆತ್ತರಕ್ಕೆ. ಬಗ್ಗಿ ಕೇಳಬೇಕು,
ಬಾವಿಯೊಳಗೆ ಕೂಗಿದ ಹಾಗೆ.
ಒಳಗೆ, ಕೆಂಡದ ಹಂಡೆಯೊಳಕ್ಕೆ ಸೊಂಟದವರೆಗೂ ಬಗ್ಗಿ
ಒಬ್ಬ ಹಿಟ್ಟನ್ನು ಗೋಡೆಗೆ ಬಡಿಯುತ್ತಿದ್ದ, ರಪ್ಪ, ರಪ್ಪ.
ಮೇಲೆ ಬಂತು ದೋಣಿಯಂಥದ್ದು, ಎರಡೂ ತುದಿ ಚೂಪು,
ಈ ಕೈಗೆ ಸುಡುತ್ತದೆಂದು ಆ ಕೈಗೆ, ಆ ಕೈಗೆ ಸುಡುತ್ತದೆಂದು ಎದೆಗೆ.
ಫೆಬ್ರುವರಿಯ ಚಳಿ, ಕೋಟಿನೊಳಗೊಂದು ಒಲೆ.

ನಮ್ಮ ಮನೆಗೆ ಬ್ರೆಡ್ಡು ಯಾವತ್ತೂ
ಒಂದು ತುದಿ ಮೊಂಡಾಗಿಯೇ ಬಂದದ್ದು.
ಅಮ್ಮ ಬೈದಳು, ಅವನಿಗೆ ಎಂಟು ವರ್ಷವಿದ್ದಾಗ;
ನಾನು ಬೈದೆ, ಅವನಿಗೆ ಅರವತ್ತಾದಾಗ.
ಇವತ್ತು ಔಷಧಿ ಅಂಗಡಿಯ ಮುಂದೆಯೇ ಹಾದೆ,
ಬಾಯಿ ತುಂಬ ಗರಿಗರಿ ಮೂಲೆ,
ಉಪ್ಪು, ಹೊಗೆ, ಅದರೊಟ್ಟಿಗೆ ಒಂದು ಅಕ್ರೋಟು.
ಏನೋ ಇತ್ತಲ್ಲ ಅನ್ನಿಸಿತು. ಏನೆಂದು ಹೊಳೆಯಲಿಲ್ಲ.

ಡಬ್ಬಿ ನಾಣ್ಯ ನುಂಗಿತು, ನರಳಿತು, ಏರಿತು.
ಅಣ್ಣ ಬ್ರೆಡ್ಡನ್ನು ಮಡಿಲಲ್ಲಿಟ್ಟುಕೊಂಡು ನೋಡಿದ,
ಈ ಕಡೆ. ಆಮೇಲೆ ಆ ಕಡೆ.
‘ಒಂದನ್ನಾದರೂ ಉಳಿಸಿ ತರುತ್ತಿದ್ದೆ ನಾನು’ ಅಂದ.
ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲೆ ಸರಿಸಿ,
ಗಡಿಯಾರದ ಕಡೆ ಗದ್ದ ಎತ್ತಿ:
‘ಮೂರೂ ಕಾಲು ಗಂಟೆ. ಮಾತ್ರೆ ಎಲ್ಲಿ, ಮಾಕ್ವಾಲಾ?’

ಕೋಟು ಇನ್ನೂ ಮೈಮೇಲೇ ಇತ್ತು.
ಜೇಬಲ್ಲಿ ಕೈಯಾಡಿಸಿದೆ:
ಅಕ್ರೋಟಿನ ಸಿಪ್ಪೆ, ಹತ್ತರ ನಾಣ್ಯ ಇನ್ನೂ ಎರಡು.
‘ಅಯ್ಯೋ’ ಅಂದೆ, ಆದಷ್ಟು ಬೇಸರದ ದನಿ ತಂದುಕೊಂಡು,
ಹೊಸ ಹಿಮ್ಮಡಿ ಆಗಲೇ
ಮೊಗಸಾಲೆಯಲ್ಲಿ ಟಕಟಕ ಅನ್ನುತ್ತಿತ್ತು.